ಕಿಟಕಿಯಿಲ್ಲದ ಕೋಣೆಯ ವಿಜ್ಞಾನಿ

ತಂಗಿಯ ಮಗ ಈ ಸಲ ದಸರಾ ಸೂಟಿಗೆ ಬೆಳಗಾವಿ ಹತ್ತಿರದ ನಮ್ಮ ಮಚ್ಛೆಗೆ ಬಂದಾಗ ಶಾಲೆಯವರು ಕೊಟ್ಟ ಕೆಲಸವೊಂದನ್ನೂ ಹೊತ್ತು ತಂದಿದ್ದ. ವಿಜ್ಞಾನಿಯ ಚಿತ್ರ ಬರೆದುಕೊಂಡು ಹೋಗಬೇಕಂತೆ. ಪಡಸಾಲೆಯಲ್ಲಿ ಬೋರಲು ಮಲಗಿ ಅರ್ಧ ಗಂಟೆಯಲ್ಲಿ ಮುಗಿಸಿಬಿಟ್ಟ. ಬೋಳು ತಲೆ, ದಪ್ಪ ಕನ್ನಡಕ, ಮೊಣಕಾಲು ಮುಟ್ಟುವ ಬಿಳಿ ಕೋಟು. ಮೇಜಿನ ಮೇಲೆ ಹಸಿರು ಹೊಗೆಯಾಡುವ ಗಾಜಿನ ಬುರುಡೆ. ಗೋಡೆಗೆ ಒಂದೂ ಕಿಟಕಿಯಿಲ್ಲ. ಬಾಗಿಲಿಗೆ ಮಾತ್ರ ಅಂಗೈಯಗಲದ ಕೀಲಿ.

"ಇಂವಾ ಏನ್ ಮಾಡಾಕತ್ತಾನೋ?" ಎಂದೆ.

"ಊರು ಸುಡೂ ಮಶೀನ್, ಮಾಮಾ."

"ಒಬ್ಬನ ಅದಾನಲ್ಲ? ಜೋಡಿಗೆ ಯಾರೂ ಇಲ್ಲೇನು?"

"ಮಂದಿ ಇದ್ರ ಗುಟ್ಟು ಹೊರಗ ಬೀಳ್ತದಲ್ಲ!"

ಆ ಮಾತು ನನ್ನನ್ನು ಬಿಡಲಿಲ್ಲ. ನಮ್ಮ ಮನೆಯಿಂದ ಸ್ವಲ್ಪ ದೂರದಲ್ಲೇ 'ಜ್ಞಾನ ಸಂಗಮ' ಇದೆ, 1998ರಲ್ಲಿ ಆರಂಭವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಆವರಣ. ಬ್ಯಾಗು ತೂಗಿಕೊಂಡು ಹುಡುಗ ಹುಡುಗಿಯರು ಗುಂಪುಗುಂಪಾಗಿ ಒಳಗೆ ಹೋಗುವುದನ್ನು ಇವನು ಪ್ರತಿ ಸೂಟಿಯಲ್ಲೂ ನೋಡುತ್ತಾನೆ. ಕಣ್ಣಾರೆ ಕಂಡ ಆ ಗುಂಪು ಅವನ ಚಿತ್ರದೊಳಗೆ ಬರಲಿಲ್ಲ. ಬಂದವನು ಎಲ್ಲೂ ಕಾಣದ ಆ ಒಂಟಿ ಬೋಳುತಲೆಯವನು.

ಇವನೊಬ್ಬನ ಕಥೆಯಲ್ಲ ಇದು. ಡೇವಿಡ್ ಚೇಂಬರ್ಸ್ ಎಂಬ ಸಂಶೋಧಕ 4,807 ಮಕ್ಕಳಿಂದ ಇಂಥದೇ ಚಿತ್ರ ಬರೆಸಿ 1983ರಲ್ಲಿ ಫಲಿತಾಂಶ ಪ್ರಕಟಿಸಿದ್ದ. ಕೋಟು, ಕನ್ನಡಕ, ಗಡ್ಡ ಮೀಸೆ, ಗಾಜಿನ ಸಾಮಾನುಗಳು ಮತ್ತೆ ಮತ್ತೆ ಬಂದಿದ್ದವು. ಅಷ್ಟು ಮಕ್ಕಳಲ್ಲಿ ಹೆಣ್ಣು ವಿಜ್ಞಾನಿಯನ್ನು ಬರೆದವರು 28 ಮಂದಿ. ಆ 28 ಮಂದಿಯೂ ಹುಡುಗಿಯರೇ. ಮಕ್ಕಳು ನೋಡಿದ್ದನ್ನು ಬರೆಯುವುದಿಲ್ಲ, ಓದಿದ್ದನ್ನು ಬರೆಯುತ್ತಾರೆ. ನಾನೂ ಹಾಗೇ ಬರೆಯುತ್ತಿದ್ದೆ.

ನನ್ನ ಓದು ನಡೆದದ್ದು ಬೆಳಗಾವಿಯ ರದ್ದಿ ಅಂಗಡಿಯಲ್ಲಿ. ಅಪ್ಪ ಮಚ್ಛೆಯ ಕೈಗಾರಿಕಾ ಪ್ರದೇಶದ ಫೌಂಡ್ರಿಯೊಂದರಲ್ಲಿ ಮೌಲ್ಡರ್ ಆಗಿದ್ದರು. ಪಗಾರದ ದಿನ ಪೇಟೆಗೆ ಕರೆದುಕೊಂಡು ಹೋದರೆ ರದ್ದಿ ಅಂಗಡಿಯ ಮುಂದೆ ನನ್ನನ್ನು ಬಿಟ್ಟು ಸಂತೆ ಮುಗಿಸಿ ಬರುತ್ತಿದ್ದರು. ಅಲ್ಲಿ ರಟ್ಟು ಹರಿದ ಇಂದ್ರಜಾಲ ಕಾಮಿಕ್ಸ್ ಸಿಗುತ್ತಿದ್ದವು. ಟೈಮ್ಸ್ ಆಫ್ ಇಂಡಿಯಾ ಬಳಗ 1964ರಲ್ಲಿ ಶುರು ಮಾಡಿದ ಆ ಮಾಲೆ ಕನ್ನಡದಲ್ಲೂ ಬರುತ್ತಿತ್ತು. ಫ್ಯಾಂಟಮ್, ಮಾಂಡ್ರೇಕ್, ಫ್ಲ್ಯಾಶ್ ಗಾರ್ಡನ್ ನಮಗೆ ಕನ್ನಡದಲ್ಲೇ ಮಾತಾಡಿದರು. ಆ ಮಾಲೆಯಲ್ಲಿ ಕೈಯಾಡಿಸಿದವರಲ್ಲಿ ಒಬ್ಬರು ನಮ್ಮ ಕಾರ್ಕಳದ ಅನಂತ ಪೈ, ಮುಂದೆ ಅಮರ ಚಿತ್ರಕಥೆಯ 'ಅಂಕಲ್ ಪೈ' ಆದವರು. ಸ್ವಲ್ಪ ದೊಡ್ಡವನಾದ ಮೇಲೆ ಹಿಂದಿಯ ರಾಜ್ ಕಾಮಿಕ್ಸ್ ಕೈಗೆ ಬಂತು. 1986ರಲ್ಲಿ ಹುಟ್ಟಿದ ನಾಗರಾಜ್ ನಮ್ಮ ಓಣಿಯ ಹುಡುಗರಿಗೆಲ್ಲ ದೇವರಾಗಿದ್ದ. ಅವನನ್ನು ತಯಾರಿಸಿದವನು ಪ್ರೊಫೆಸರ್ ನಾಗಮಣಿ. ಭಯೋತ್ಪಾದಕರಿಗೆ ಬಾಡಿಗೆಗೆ ಕೊಡಲೆಂದು ಹಾವಿನ ಶಕ್ತಿಯ ಮನುಷ್ಯನೊಬ್ಬನನ್ನು ಬೆಳೆಸಿದ ದುಷ್ಟ ವಿಜ್ಞಾನಿ. ಕೊನೆಗೆ ಅವನು ಮಾಡಿದ ಆಯುಧವೇ ಅವನ ಕೈತಪ್ಪಿ ನಾಯಕನಾಯಿತು.

ಕೆಡುಕನ ಕೋಣೆಯಲ್ಲಿ ಅತಿಮಾನುಷ ಹುಟ್ಟುವ ಈ ಕಥೆ ಸೂಪರ್‌ಹೀರೋ ಕಾಮಿಕ್ಸ್‌ಗಿಂತಲೂ ಹಳೆಯದು. ಜೆರ್ರಿ ಸೀಗಲ್, ಜೋ ಶುಸ್ಟರ್ ಎಂಬ ಇಬ್ಬರು ಶಾಲಾ ಹುಡುಗರು 1933ರ ಜನವರಿಯಲ್ಲಿ ತಾವೇ ಅಚ್ಚು ಹಾಕಿಕೊಂಡ ಸಣ್ಣ ಪತ್ರಿಕೆಯಲ್ಲಿ 'ಸೂಪರ್‌ಮ್ಯಾನ್' ಎಂಬ ಹೆಸರನ್ನು ಮೊದಲು ಬಳಸಿದರು. ಅಮೆರಿಕ ಆಗ ಹಸಿದಿತ್ತು, ಪುಕ್ಕಟೆ ಬ್ರೆಡ್ಡಿಗೆ ಜನ ಸಾಲು ನಿಲ್ಲುತ್ತಿದ್ದರು. ಕಥೆಯ ಪ್ರೊಫೆಸರ್ ಸ್ಮಾಲಿ ಅಂಥ ಸಾಲಿನಿಂದ ಒಬ್ಬ ಗತಿಗೆಟ್ಟವನನ್ನು ಊಟದ ಆಸೆ ತೋರಿಸಿ ಕರೆತಂದು ಅವನ ಮೇಲೆ ಔಷಧ ಪ್ರಯೋಗಿಸುತ್ತಾನೆ. ಶಕ್ತಿ ಬಂದ ಆ ಬಡವ ಒಳ್ಳೆಯವನಾಗುವುದಿಲ್ಲ, ಜಗತ್ತನ್ನೇ ಆಳಲು ಹೊರಡುತ್ತಾನೆ. ಐದು ವರ್ಷದ ಮೇಲೆ, 1938ರಲ್ಲಿ, ಅದೇ ಹೆಸರನ್ನು ಅದೇ ಹುಡುಗರು ಒಳ್ಳೆಯವನಿಗೆ ಕೊಟ್ಟರು. ಕೆಟ್ಟತನವೆಲ್ಲ ವಿಜ್ಞಾನಿಯ ಪಾಲಿಗೆ ಉಳಿಯಿತು. 1939ರಲ್ಲಿ ಅಲ್ಟ್ರಾ ಹ್ಯೂಮನೈಟ್ ಬಂದ. 1940ರಲ್ಲಿ ಬ್ಯಾಟ್‌ಮ್ಯಾನ್ ಎದುರು ಹ್ಯೂಗೋ ಸ್ಟ್ರೇಂಜ್, ಕ್ಯಾಪ್ಟನ್ ಮಾರ್ವೆಲ್ ಎದುರು ಡಾಕ್ಟರ್ ಸಿವಾನಾ, ಸೂಪರ್‌ಮ್ಯಾನ್ ಎದುರು ಲೂಥರ್. ಒಂದೇ ವರ್ಷದಲ್ಲಿ ಮೂವರು.

ಇವರೆಲ್ಲರಲ್ಲಿ ನನಗೆ ಹತ್ತಿರದವನು ಲೂಥರ್. 1940ರ ಏಪ್ರಿಲ್ ಸಂಚಿಕೆಯಲ್ಲಿ ಅವನು ಬಂದಾಗ ತಲೆತುಂಬ ಕೆಂಪು ಕೂದಲಿತ್ತು, ಯುರೋಪಿನ ಎರಡು ದೇಶಗಳನ್ನು ಯುದ್ಧಕ್ಕೆ ಎತ್ತಿಕಟ್ಟುತ್ತಿದ್ದ. ಮರುವರ್ಷ ದಿನಪತ್ರಿಕೆಯ ಚಿತ್ರಕಥೆಯಲ್ಲಿ ಚಿತ್ರಕಾರನ ಕೈತಪ್ಪಿನಿಂದ ಬೋಳಾದ, ಹಾಗೇ ಉಳಿದ. ಆ ಬೋಳಿಗೆ ಕಾರಣ ಕೊಟ್ಟದ್ದು 1960ರಲ್ಲಿ, ಸೀಗಲ್ ಬರೆದ ಒಂದು ಕಥೆ. ಅದರಲ್ಲಿ ಲೂಥರ್ ಇನ್ನೂ ಹುಡುಗ, ಬಾಲಕ ಸೂಪರ್‌ಮ್ಯಾನ್ ಆದ ಸೂಪರ್‌ಬಾಯ್‌ನ ಗೆಳೆಯ. ಗೆಳೆಯನನ್ನು ಅವನಿಗೆ ವಿಷವಾದ ಕ್ರಿಪ್ಟೊನೈಟ್‌ನಿಂದ ಕಾಪಾಡುವ ಮದ್ದು ಹುಡುಕುತ್ತಿರುತ್ತಾನೆ. ಪ್ರಯೋಗಶಾಲೆಗೆ ಬೆಂಕಿ ಹತ್ತುತ್ತದೆ. ಸೂಪರ್‌ಬಾಯ್ ಉಫ್ ಎಂದು ಊದಿ ಆರಿಸುತ್ತಾನೆ. ಆ ರಭಸಕ್ಕೆ ರಾಸಾಯನಿಕ ಹೊಗೆ ಲೂಥರನ ಮೇಲೆ ಬಿದ್ದು ಕೂದಲೆಲ್ಲ ಉದುರುತ್ತದೆ, ಅವನು ಸೃಷ್ಟಿಸಿದ ಪುಟ್ಟ ಜೀವವೂ ನಾಶವಾಗುತ್ತದೆ. ಬೇಕೆಂದೇ ಮಾಡಿದ ಎಂದು ಲೂಥರ್ ನಂಬುತ್ತಾನೆ. ಒಂದು ಅಪಘಾತಕ್ಕೆ ಒಬ್ಬ ಅಪರಾಧಿ ಬೇಕೇ ಬೇಕು ಎಂದು ಹಟ ಹಿಡಿದಲ್ಲಿಗೆ ಆ ಹುಡುಗ ಖಳನಾದ. ನಾನು ಇಡೀ ಕಾಮಿಕ್ಸ್ ಲೋಕದಲ್ಲಿ ಕಂಡ ಅತ್ಯಂತ ನಿಜವಾದ ಘಟನೆ ಇದು.

ನಮ್ಮ ಪುರಾಣಗಳಲ್ಲೂ ಅಪಾಯದ ವಿದ್ಯೆ ಬಲ್ಲವರಿದ್ದಾರೆ. ಶುಕ್ರಾಚಾರ್ಯರಿಗೆ ಸತ್ತವರನ್ನು ಎಬ್ಬಿಸುವ ಸಂಜೀವಿನಿ ಗೊತ್ತಿತ್ತು. ಆದರೆ ಅವರಿಗೆ ಆಶ್ರಮವಿತ್ತು, ಶಿಷ್ಯರಿದ್ದರು, ಶತ್ರುಪಕ್ಷದ ಕಚನಿಗೂ ಬಾಗಿಲು ತೆರೆದಿತ್ತು, ಎದುರು ನಿಂತು ಮಾತಾಡುವ ಮಗಳು ದೇವಯಾನಿ ಇದ್ದಳು. ಭಸ್ಮಾಸುರನ ಕಥೆಯಲ್ಲಿ ವರ ಕೊಟ್ಟ ಶಿವನೇ ಓಡಬೇಕಾಯಿತು. ಕೊಟ್ಟವನಿಗೂ ಹೊಣೆ ತಪ್ಪಲಿಲ್ಲ. ಲೂಥರನಿಗಾಗಲಿ ಸಿವಾನಾನಿಗಾಗಲಿ ಶಿಷ್ಯರಿಲ್ಲ, ದುಡ್ಡು ಕೊಟ್ಟ ಸರ್ಕಾರವಿಲ್ಲ, ಸಾಮಾನು ಸರಬರಾಜು ಮಾಡಿದ ಕಂಪನಿಯಿಲ್ಲ. ಹತ್ತು ಹದಿಮೂರು ಪುಟದಲ್ಲಿ ಕಥೆ ಮುಗಿಯಬೇಕಾದರೆ ಗುದ್ದಲು ಒಂದೇ ಒಂದು ಮುಖ ಬೇಕು. ಕಾಮಿಕ್ಸ್ ಕುಶಲಕರ್ಮಿಗಳ ಕಸುಬಿನ ಕಷ್ಟ ಅದು, ನಾನು ಅದನ್ನು ಹಳಿಯುವುದಿಲ್ಲ. ಆದರೆ ಆ ಒಂದು ಮುಖ ಓದುಗನ ಮನಸ್ಸಿನಲ್ಲಿ ಕೂತುಬಿಟ್ಟರೆ, ಮುಖವಿಲ್ಲದ ಕೆಡುಕು ಎದುರು ಬಂದಾಗ ಗುರುತು ಹತ್ತುವುದಿಲ್ಲ.

1945ರ ಏಪ್ರಿಲ್‌ನಲ್ಲಿ ದಿನಪತ್ರಿಕೆಗಳ ಸೂಪರ್‌ಮ್ಯಾನ್ ಚಿತ್ರಕಥೆಯಲ್ಲಿ ಪ್ರೊಫೆಸರನೊಬ್ಬ ಸೈಕ್ಲೊಟ್ರಾನ್ ಯಂತ್ರದಿಂದ ನಾಯಕನ ಮೇಲೆ ಕಿರಣ ಹಾಯಿಸುವ ಕಥೆ ನಡೆಯುತ್ತಿತ್ತು. ಅಮೆರಿಕದ ಯುದ್ಧ ಇಲಾಖೆ ಅಣುಬಾಂಬಿನ ಗುಟ್ಟು ಬಯಲಾದೀತೆಂದು ಗಾಬರಿಯಾಗಿ ಆ ಕಥೆ ನಿಲ್ಲಿಸಿ ಎಂದು ಕೇಳಿಕೊಂಡಿತು. ನಾಲ್ಕು ತಿಂಗಳಲ್ಲಿ ಹಿರೋಶಿಮಾದ ಮೇಲೆ ಬಾಂಬು ಬಿತ್ತು. ಕಾಗದದ ಮೇಲೆ ಒಬ್ಬ ಪ್ರೊಫೆಸರ್ ಆಡಿಸುತ್ತಿದ್ದ ಯಂತ್ರದ ಹಿಂದೆ ನಿಜದಲ್ಲಿ ಲಕ್ಷಕ್ಕೂ ಹೆಚ್ಚು ಜನ ದುಡಿಯುತ್ತಿದ್ದರು. ಪ್ಲಂಬರ್, ಬೆಸುಗೆಯವರು, ಟೈಪಿಸ್ಟ್, ಲಾರಿ ಚಾಲಕರು. ತಾವು ಏನು ಮಾಡುತ್ತಿದ್ದೇವೆಂಬುದು ಅವರಲ್ಲಿ ಬಹುಪಾಲು ಜನಕ್ಕೆ ಗೊತ್ತಿರಲಿಲ್ಲ.

ನಮ್ಮ ಸೀಮೆಗೆ ಬರುತ್ತೇನೆ. ಮಚ್ಛೆಯಿಂದ ದಕ್ಷಿಣಕ್ಕೆ ಹೊರಟ ಬಸ್ಸು ಖಾನಾಪುರ ಮುಟ್ಟುತ್ತದೆ. ಅಲ್ಲಿಂದ ಹೆಮ್ಮಡಗಾ ಕಡೆ ಹೊರಳಿದರೆ ಭೀಮಗಡದ ಕಾಡು. 2011ರಲ್ಲಿ ಅದು ವನ್ಯಜೀವಿ ಧಾಮವಾಯಿತು. ಆ ಕಾಡಿನೊಳಗೆ ತಳೇವಾಡಿಯ ಬಳಿ ಬಾರಾಪೆಡೆ ಗುಹೆಗಳಿವೆ. ಅಲ್ಲಿನ ಬಾವಲಿಗೆ ವಿಜ್ಞಾನದಲ್ಲಿ ದೊಡ್ಡ ಹೆಸರಿದೆ: ರಾಟನ್ನನ ಬಾವಲಿ. ಮುಖವನ್ನೂ ದಾಟಿ ಮುಂದಕ್ಕೆ ಚಾಚಿದ ಅಗಲ ಕಿವಿಗಳು, ಕತ್ತಿನ ಹಿಂದೆ ಬೂದು ಛಾಯೆ, ಉಳಿದ ಮೈಗೆ ಮಖಮಲ್ಲಿನಂಥ ಕಂದು ರೋಮ, ಪೊರೆಯಿಂದ ಬಿಡಿಸಿಕೊಂಡು ಹೊರಗೆ ಇಣುಕುವ ಬಾಲ. 1912ರಲ್ಲಿ ಮುಂಬೈ ನಿಸರ್ಗ ಇತಿಹಾಸ ಸಂಘದ ಪ್ರಾಣಿ ಸಮೀಕ್ಷೆಗೆ ಬಂದ ಎಸ್. ಎಚ್. ಪ್ರೇಟರ್ ಅದನ್ನು ಹಿಡಿದ. ಮರುವರ್ಷ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಓಲ್ಡ್‌ಫೀಲ್ಡ್ ಥಾಮಸ್ ಅದನ್ನು ವರ್ಣಿಸಿ, ಅರಣ್ಯಾಧಿಕಾರಿಯಾಗಿದ್ದ ರಾಟನ್‌ನ ಹೆಸರಿಟ್ಟ. ದಶಕಗಳ ಕಾಲ ಇಡೀ ಭೂಮಿಯಲ್ಲಿ ಇದರ ವಿಳಾಸ ಬಾರಾಪೆಡೆ ಒಂದೇ ಆಗಿತ್ತು. ಮುಂದೆ ಮೇಘಾಲಯದಲ್ಲೂ ಕಾಂಬೋಡಿಯಾದಲ್ಲೂ ಸಿಕ್ಕಿತು. ಹಿಡಿದವನು ಒಬ್ಬ, ಹೆಸರಿಟ್ಟವನು ಇನ್ನೊಬ್ಬ, ಹೆಸರು ಮೂರನೆಯವನದು. ಗುಹೆಯ ಹೆಸರು ಮಾತ್ರ ಊರಿನವರು ಮೊದಲೇ ಇಟ್ಟಿದ್ದು.

ಕಾಮಿಕ್ಸ್‌ನಲ್ಲೂ ಬಾವಲಿ ಬಲ್ಲ ವಿಜ್ಞಾನಿಯೊಬ್ಬನಿದ್ದಾನೆ. 1970ರ ಜೂನ್‌ನಲ್ಲಿ ಡಿಟೆಕ್ಟಿವ್ ಕಾಮಿಕ್ಸ್‌ನ 400ನೆಯ ಸಂಚಿಕೆಯಲ್ಲಿ ಫ್ರಾಂಕ್ ರಾಬಿನ್ಸ್ ಬರೆದು ನೀಲ್ ಆಡಮ್ಸ್ ಚಿತ್ರಿಸಿದ ಕರ್ಕ್ ಲ್ಯಾಂಗ್‌ಸ್ಟ್ರಮ್. ಗೋಥಮ್ ನಗರದ ಮ್ಯೂಸಿಯಮ್ಮಿನಲ್ಲಿ ರಾತ್ರಿಪ್ರಾಣಿಗಳ ತಜ್ಞ. ಕತ್ತಲಲ್ಲಿ ಕೂಗಿ, ಮಾರ್ದನಿ ಕೇಳಿ, ದಾರಿ ಕಾಣುವ ಬಾವಲಿಯ ಶಕ್ತಿ ತನಗೂ ಬೇಕೆಂದು ಅವುಗಳ ಗ್ರಂಥಿಯ ರಸ ಕುಡಿಯುತ್ತಾನೆ. ಶಕ್ತಿ ಬರುತ್ತದೆ, ಜೊತೆಗೆ ಮೈತುಂಬ ರೋಮ, ಚೂಪು ಕಿವಿ, ಕೊನೆಗೆ ರೆಕ್ಕೆ. ಬ್ಯಾಟ್‌ಮ್ಯಾನ್ ಬಾವಲಿಯ ವೇಷ ತೊಟ್ಟ ಮನುಷ್ಯನಾದರೆ ಇವನು ಬಾವಲಿಯೇ ಆದ ಮನುಷ್ಯ, ಮ್ಯಾನ್‌ಬ್ಯಾಟ್. ದುಡ್ಡಿಗಾಗಿ ಕೆಟ್ಟವನಲ್ಲ. ಅವನ ತಪ್ಪು ಒಂದೇ: ಎಲ್ಲರೂ ಮನೆಗೆ ಹೋದ ಮೇಲೆ, ಬೀಗ ಹಾಕಿಕೊಂಡು, ಯಾರನ್ನೂ ಕೇಳದೆ ಕುಡಿದ. ನನ್ನ ಸೋದರಳಿಯನ ಚಿತ್ರದ ಕೀಲಿ ಇದೇ ಇರಬೇಕು.

ಆದರೆ ಬಾವಲಿಯ ಹೆಸರಿನಲ್ಲಿ ನಿಜವಾಗಿ ನಡೆದ ಕೆಡುಕಿನ ಯೋಜನೆ ಬೇರೆಯೇ ಇದೆ, ಅದಕ್ಕೆ ಬೀಗವಿರಲಿಲ್ಲ, ಸಹಿಗಳಿದ್ದವು. ಲೈಟಲ್ ಆಡಮ್ಸ್ ಎಂಬ ಅಮೆರಿಕದ ಹಲ್ಲಿನ ಡಾಕ್ಟರ್ 1941ರ ಡಿಸೆಂಬರಿನಲ್ಲಿ ಕಾರ್ಲ್ಸ್‌ಬಾಡ್ ಗುಹೆಗಳನ್ನು ನೋಡಿಬಂದಿದ್ದ. ಸಂಜೆಯಾದರೆ ಅಲ್ಲಿಂದ ಲಕ್ಷಾಂತರ ಬಾಲಬಿಡು ಬಾವಲಿಗಳು ಹೊಗೆಯಂತೆ ಮೇಲೇಳುತ್ತವೆ. ನಮ್ಮ ಬಾರಾಪೆಡೆಯ ಬಾವಲಿಯ ಕುಟುಂಬವೇ ಅದು. ಅವಕ್ಕೆ ಪುಟ್ಟ ಬೆಂಕಿಬಾಂಬು ಕಟ್ಟಿ ಜಪಾನಿನ ಮೇಲೆ ಬಿಟ್ಟರೆ, ಬೆಳಗಾಗುವುದರೊಳಗೆ ಮರದ ಮನೆಗಳ ಸೂರು ಸೇರುತ್ತವೆ, ಆಮೇಲೆ ಊರಿಗೂರೇ ಉರಿಯುತ್ತದೆ ಎಂದು ಅವನು ಅಧ್ಯಕ್ಷರ ಕಚೇರಿಗೆ ಬರೆದ. ಕಚೇರಿ ಅದನ್ನು ಕಸದಬುಟ್ಟಿಗೆ ಹಾಕಲಿಲ್ಲ, ಸೈನ್ಯಕ್ಕೆ ಕಳಿಸಿತು. ಬಾವಲಿಗಳು ಮಾರ್ದನಿಯಿಂದ ದಾರಿ ಕಾಣುತ್ತವೆಂದು ತೋರಿಸಿಕೊಟ್ಟ ಡೊನಾಲ್ಡ್ ಗ್ರಿಫಿನ್, ಅಂಥ ದೊಡ್ಡ ವಿಜ್ಞಾನಿ, ಬೆಂಬಲ ಕೊಟ್ಟ. ನೇಪಾಮ್ ಕಂಡುಹಿಡಿದ ಲೂಯಿ ಫೀಸರ್ ಬಾವಲಿಗೆ ಹೊರಲಾಗುವಷ್ಟು ಹಗುರ ಬಾಂಬಿನ ನಕ್ಷೆ ಮಾಡಿದ. ತಣ್ಣಗೆ ಮಾಡಿ ನಿದ್ದೆಗೆ ಜಾರಿಸಿದ ಬಾವಲಿಗಳ ಎದೆಗೆ ದಾರದಿಂದ ಬಾಂಬು ಕಟ್ಟಿದರು. 1943ರ ಮೇ ತಿಂಗಳಲ್ಲಿ ಕೆಲವು ಬಾವಲಿಗಳು ತಪ್ಪಿಸಿಕೊಂಡು ಹೊಸ ವಿಮಾನ ನಿಲ್ದಾಣದ ಕಟ್ಟಡಗಳ ಕೆಳಗೇ ಸೇರಿಕೊಂಡವು. ನಿಲ್ದಾಣ ಹೊತ್ತಿ ಉರಿಯಿತು. ಸುಮಾರು 20 ಲಕ್ಷ ಡಾಲರ್ ಸುರಿದ ಮೇಲೆ 1944ರಲ್ಲಿ ಯೋಜನೆ ನಿಂತಿತು. ಕೆಟ್ಟದ್ದೆಂದು ಅನ್ನಿಸಿ ನಿಲ್ಲಿಸಿದ್ದಲ್ಲ, ತಡವಾಗುತ್ತದೆಂದು.

ಇದನ್ನು ಹುಡುಗನಿಗೆ ಹೇಳಿದೆ. "ಇದರಾಗ ಕೆಟ್ಟಾಂವ ಯಾರು ಮಾಮಾ?" ಎಂದು ಕೇಳಿದ. ಹಲ್ಲಿನ ಡಾಕ್ಟರನೋ, ಬಾವಲಿ ತಜ್ಞನೋ, ರಸಾಯನಶಾಸ್ತ್ರಜ್ಞನೋ, ಸಹಿ ಹಾಕಿದ ಅಧಿಕಾರಿಯೋ. ಯಾರೊಬ್ಬರೂ ಹಸಿರು ಹೊಗೆಯ ಬುರುಡೆ ಹಿಡಿದು ನಗುತ್ತಿರಲಿಲ್ಲ. ಸಂಜೆ ಮನೆಗೆ ಹೋಗಿ ಮಕ್ಕಳನ್ನು ಮಾತಾಡಿಸುತ್ತಿದ್ದವರೇ ಇರಬೇಕು.

ಇದರ ತಿರುವುಮುರುವು ಕಥೆಯೂ ಉಂಟು. ಅದರ ನೆನಪು ನಮ್ಮ ಬೆಳಗಾವಿ, ಹುಬ್ಬಳ್ಳಿ ಸೀಮೆಗೆ ಅಂಟಿಕೊಂಡಿದೆ. ಟಿಳಕವಾಡಿಯಲ್ಲಿ ಸಭೆ ಸಮಾರಂಭಗಳಿಗೆಲ್ಲ ಒದಗುವ ಮೈದಾನಕ್ಕೆ ಜನ ಇವತ್ತಿಗೂ ವ್ಯಾಕ್ಸಿನ್ ಡಿಪೋ ಎನ್ನುತ್ತಾರೆ. ಕರುಗಳ ಮೈಮೇಲೆ ಸಿಡುಬಿನ ಲಸಿಕೆ ಬೆಳೆಸಿ ಊರೂರಿಗೆ ಕಳಿಸುತ್ತಿದ್ದ ಸಂಸ್ಥೆಯಿಂದ ಬಂದ ಹೆಸರು. ಆ ಲಸಿಕೆ ಹಳೆಯದಾಗಿ ಜನಕ್ಕೆ ರೂಢಿಯಾಗಿತ್ತು. 1896ರಲ್ಲಿ ಮುಂಬೈಗೆ ಪ್ಲೇಗು ಬಂದಾಗ ಬೇಕಾದದ್ದು ಹೊಸದು. ಮಾಡಿದವನು ವಾಲ್ಡೆಮಾರ್ ಹಾಫ್‌ಕಿನ್, ಒಡೆಸ್ಸಾದಲ್ಲಿ ಹುಟ್ಟಿದ ಯಹೂದಿ. ಮುಂಬೈಯ ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಅವನಿಗೆ ಸಿಕ್ಕಿದ್ದು ಒಂದು ಕೋಣೆ, ಒಂದು ವರಾಂಡ, ಒಬ್ಬ ಗುಮಾಸ್ತ, ಮೂವರು ಜವಾನರು. ಮಾಂಸದ ಸಾರಿನ ಮೇಲೆ ತುಪ್ಪದ ಹನಿ ತೇಲಿಬಿಟ್ಟರೆ ಪ್ಲೇಗಿನ ಜೀವಾಣು ಆ ತುಪ್ಪಕ್ಕೆ ಕಚ್ಚಿಕೊಂಡು ಗುಹೆಯ ಸೂರಿನ ಸುಣ್ಣದ ಹನಿಗಂಬದಂತೆ ಕೆಳಗಿಳಿದು ಬೆಳೆಯುತ್ತಿತ್ತು. ಅದನ್ನು ಬಿಸಿಯಿಂದ ಕೊಂದರೆ ಲಸಿಕೆ. 1897ರ ಜನವರಿ 10ರಂದು ಮೊದಲ ಸೂಜಿಯನ್ನು ತನಗೇ ಚುಚ್ಚಿಸಿಕೊಂಡ. ಕಾಮಿಕ್ಸ್‌ನಲ್ಲಿ ತನ್ನ ಮೇಲೆ ತಾನೇ ಪ್ರಯೋಗ ಮಾಡಿಕೊಂಡವನು ಮುಂದಿನ ಪುಟದಲ್ಲಿ ರಾಕ್ಷಸನಾಗುತ್ತಾನೆ. ಹಾಫ್‌ಕಿನ್‌ಗೆ ಬಂದದ್ದು ಜ್ವರ.

1898ರಲ್ಲಿ ಹುಬ್ಬಳ್ಳಿಯಲ್ಲಿ ಲ್ಯೂಮನ್ ಎಂಬ ಸೇನಾ ವೈದ್ಯನ ಮುಂದಾಳತ್ವದಲ್ಲಿ ಹತ್ತಾರು ಸಾವಿರ ಜನ ಆ ಸೂಜಿ ಚುಚ್ಚಿಸಿಕೊಂಡರು. ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡು ಬದುಕಿದ ಕಾಲ ಅದು. ಬಿಳಿಯರು ವಿಷ ಹಾಕುತ್ತಾರೋ, ಜಾತಿ ಕೆಡಿಸುತ್ತಾರೋ ಎಂಬ ಅಂಜಿಕೆ ಜನಕ್ಕೆ ಇದ್ದದ್ದು ಸಹಜವೇ. ಸೈನಿಕರು ಮನೆ ಹೊಕ್ಕು ರೋಗಿಗಳನ್ನು ಎಳೆದೊಯ್ದ ಆಡಳಿತದ ಮೇಲೆ ನಂಬಿಕೆ ಎಲ್ಲಿಂದ ಬರಬೇಕು?

ನಾಲ್ಕು ವರ್ಷ ಕಳೆಯಿತು. 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಹಳ್ಳಿಯಲ್ಲಿ 107 ಜನಕ್ಕೆ ಲಸಿಕೆ ಹಾಕಿದರು. ಅವರಲ್ಲಿ 19 ಜನ ಧನುರ್ವಾಯುವಿನಿಂದ ಸತ್ತರು. ಆ 19 ಜನರಿಗೂ ಹಾಕಿದ್ದು ಒಂದೇ ಬಾಟಲಿಯ ಲಸಿಕೆ, ಅದರ ನಂಬರು 53 ಎನ್. ಹಾಫ್‌ಕಿನ್ ಆ ಊರಿನಲ್ಲಿ ಇರಲೇ ಇಲ್ಲ. ಆದರೂ ತಪ್ಪು ಅವನ ಪ್ರಯೋಗಶಾಲೆಯದೇ ಎಂದು ವಿಚಾರಣೆ ಬೊಟ್ಟು ಮಾಡಿತು, ಅವನನ್ನು ಹುದ್ದೆಯಿಂದ ದೂರ ಇಟ್ಟರು. ಲಕ್ಷಾಂತರ ಜನಕ್ಕೆ ಲಸಿಕೆ ಕೊಟ್ಟವನು ಕೊಲೆಗಾರನ ಹಾಗೆ ಓಡಾಡಬೇಕಾಯಿತು. ಸಾಕ್ಷ್ಯದ ಕಾಗದಗಳನ್ನು ಮತ್ತೆ ಓದಿದಾಗ ಅಲ್ಲೇ ಒಂದು ಸಣ್ಣ ಸಂಗತಿ ಬಿದ್ದಿತ್ತು: ಹಳ್ಳಿಯಲ್ಲಿ ಬಾಟಲಿಯ ಬಿರಡೆ ತೆಗೆಯುವಾಗ ಸಹಾಯಕನ ಕೈಯಿಂದ ಚಿಮಟ ನೆಲಕ್ಕೆ ಬಿದ್ದಿತ್ತು, ಅದನ್ನು ಬೆಂಕಿಗೆ ಹಿಡಿಯದೆ ಬಳಸಿದ್ದ. ಧನುರ್ವಾಯುವಿನ ಬೀಜ ಮಣ್ಣಿನಲ್ಲಿರುತ್ತದೆ. ರೊನಾಲ್ಡ್ ರಾಸ್ ಮತ್ತಿತರ ವಿಜ್ಞಾನಿಗಳು ಬಹಿರಂಗವಾಗಿ ಬರೆದ ಮೇಲೆ, 1907ರಲ್ಲಿ, ಅವನ ಹೆಸರಿನ ಮೇಲಿದ್ದ ಕಳಂಕ ಹೋಯಿತು. 1925ರಲ್ಲಿ ಮುಂಬೈಯ ಅವನ ಪ್ರಯೋಗಶಾಲೆಗೆ ಅವನ ಹೆಸರನ್ನೇ ಇಟ್ಟರು. ಐದು ವರ್ಷದ ನಂತರ ಅವನು ತೀರಿಕೊಂಡ.

ಈ ಕಥೆ ನಾನು ಹೇಳುತ್ತಿದ್ದಾಗ ಅಪ್ಪ ಬಾಗಿಲ ಬಳಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಬಾಟಲಿಯ ನಂಬರು ಎಂದ ಕೂಡಲೇ ಕಿವಿ ನಿಗುರಿತು. "ನಮ್ಮ ಹೀಟ್ ನಂಬರ ಇದ್ದಂಗ" ಎಂದರು.

ಫೌಂಡ್ರಿಯಲ್ಲಿ ಒಂದು ಸಲ ಕುಲುಮೆಯಲ್ಲಿ ಕರಗಿಸಿದ ಲೋಹಕ್ಕೆ ಒಂದು ಹೀಟ್ ಎನ್ನುತ್ತಾರೆ. ಅದಕ್ಕೊಂದು ನಂಬರು, ಆ ಲೋಹದಿಂದ ಎರಕ ಹೊಯ್ದ ಸಾಮಾನುಗಳ ಮೇಲೆಲ್ಲ ಅದೇ ನಂಬರು ಮೂಡಿರುತ್ತದೆ. ಆರು ತಿಂಗಳ ಮೇಲೆ ಎಲ್ಲೋ ಒಂದು ಪಂಪಿನ ಭಾಗ ಬಿರುಕು ಬಿಟ್ಟರೆ ನಂಬರು ಹಿಡಿದು ಹಿಂದಕ್ಕೆ ಹೋಗುತ್ತಾರೆ: ಯಾವ ದಿನ, ಯಾವ ಪಾಳಿ, ಯಾವ ಮರಳು, ಲೋಹದ ಬಿಸಿ ಎಷ್ಟಿತ್ತು. ಅಪ್ಪ ಒಳಗೆ ಹೋಗಿ ಹಳೆಯ ಟ್ರಂಕಿನಿಂದ ಒಂದು ತುಂಡು ತಂದರು. ಮುಷ್ಟಿಗಾತ್ರದ ಬೀಡುಕಬ್ಬಿಣ, ಒಂದು ಪಕ್ಕದಲ್ಲಿ ನಂಬರು, ಇನ್ನೊಂದು ಪಕ್ಕದಲ್ಲಿ ಕಡಲೆಕಾಳು ಕೂರುವಷ್ಟು ತೂತು. ಬ್ಲೋಹೋಲ್. ಅವರ ಕೈಯಿಂದ ರಿಜೆಕ್ಟ್ ಆಗಿ ಬಂದ ಮೊದಲ ಮಾಲು, ಮೂವತ್ತು ವರ್ಷದಿಂದ ಇಟ್ಟುಕೊಂಡಿದ್ದಾರೆ.

ಹುಡುಗ ಅದನ್ನು ಎರಡೂ ಕೈಯಲ್ಲಿ ಹಿಡಿದು, ತೂತಿನೊಳಗೆ ಕಿರುಬೆರಳು ಹಾಕಿ ನೋಡಿದ.

"ಯಾರ್ ತಪ್ಪು ಮಾಡಿದ್ರು ಅಜ್ಜಾ?"

ಅಪ್ಪ ತುಂಡನ್ನು ತಿರುಗಿಸಿ, ಹೆಬ್ಬೆರಳಿನಿಂದ ತೂತಿನ ಅಂಚು ಸವರಿದರು.

"ಮೂರು ದಿನದಿಂದ ಜಿಟಿಜಿಟಿ ಮಳಿ ಹತ್ತಿತ್ತಪಾ. ಮರಳು ಹಸಿ ಇತ್ತು. ಹಸಿ ಮರಳಿಗೆ ಕಾದ ಲೋಹ ಹೊಯ್ದರ ಒಳಗ ಹಬೆ ಸಿಗಬೀಳತದ. ಸೂಪರ್‌ವೈಜರ್ ನೋಡಲಿಲ್ಲ. ಮರಳು ಕಲಸಾಂವ ನೋಡಲಿಲ್ಲ. ನಾನೂ ನೋಡಲಿಲ್ಲ."